ಸಂದರ್ಶನಕ್ಕೆ ಯಾವ ಅಂಗಿ?

ಕಾಖಂಡಕಿಯಂಥ ಊರಿನಲ್ಲಿ ಯಾರದಾದರೂ ಮನೆಗೆ ನೌಕರಿಯ ಸಂದರ್ಶನದ ಕರೆ ಬಂತೆಂದರೆ ಆ ಸುದ್ದಿ ಹೊತ್ತು ಮುಳುಗುವುದರೊಳಗೆ ಓಣಿ ದಾಟಿರುತ್ತದೆ. ಹಿಂದೆ ಅಂಚೆಯವನು ಕಾಗದ ತರುತ್ತಿದ್ದ, ಈಗ ಮೊಬೈಲಿಗೆ ಸಂದೇಶ ಬರುತ್ತದೆ. ವ್ಯತ್ಯಾಸ ಇಷ್ಟೇ. ಏನು ಓದಿಕೊಂಡು ಹೋಗಬೇಕೆಂದು ಹೇಳಬಲ್ಲವರು ಓಣಿಯಲ್ಲಿ ಒಬ್ಬಿಬ್ಬರು. ಏನು ಹಾಕಿಕೊಂಡು ಹೋಗಬೇಕೆಂದು ಹೇಳುವವರು ಮಾತ್ರ ಎಲ್ಲರೂ!

"ಕೋಟ್ ಇಲ್ಲದ ಹೋದ್ರ ಒಳಗ ಬಿಡೂದಿಲ್ಲಂತ" ಎಂದು ಕಟ್ಟೆಯ ಮೇಲೆ ಕುಳಿತವರೊಬ್ಬರು ಅನ್ನುತ್ತಾರೆ. "ಟಾಯ್ ಇರಲೇಬೇಕು" ಎಂದು ಇನ್ನೊಬ್ಬರು. "ಲಗ್ನಕ್ಕ ಹೊಲಿಸಿದ್ದು ಐತೆಲ್ಲ, ಅದನ್ನ ಹಾಕ್ಕೊಂಡ ಹೋಗಲಿ" ಎಂದು ಸೋದರಮಾವ. ಅವ್ವ ಟ್ರಂಕು ತೆಗೆಯುತ್ತಾಳೆ, ಅಪ್ಪ ಯಾರ ಬಳಿ ಕೈಗಡ ಕೇಳಬೇಕೆಂದು ಲೆಕ್ಕ ಹಾಕುತ್ತಾನೆ. ನೌಕರಿ ಸಿಗುವುದೋ ಬಿಡುವುದೋ, ಖರ್ಚಂತೂ ಶುರುವಾಗಿರುತ್ತದೆ.

ಈ ಗದ್ದಲದಲ್ಲಿ ನಿಜವಾಗಿ ತಿಳಿಯಬೇಕಾದ ಸಂಗತಿ ಸಣ್ಣದು. ಆದರೆ ಅದನ್ನು ತಿಳಿಯಲು ನನಗೊಂದು ನೌಕರಿ ತಪ್ಪಬೇಕಾಯಿತು.

ನನ್ನ ಮೊದಲ ಸಂದರ್ಶನ ಬೆಂಗಳೂರಿನ ಒಂದು ಕಚೇರಿಯಲ್ಲಿ. ಮೇ ತಿಂಗಳು. ದೊಡ್ಡಪ್ಪನ ಮಗನ ಕೋಟು, ಇನ್ನೊಬ್ಬ ಗೆಳೆಯನ ಬೂಟು. ಕೋಟಿನ ತೋಳು ಅಂಗೈವರೆಗೆ ಇಳಿಯುತ್ತಿತ್ತು. ಬೂಟು ಒಂದು ಅಳತೆ ದೊಡ್ಡದಾಗಿದ್ದರಿಂದ ಮುಂದೆ ಕಾಗದ ತುರುಕಿದ್ದೆ. ಬಾಗಿಲಿನಿಂದ ಕುರ್ಚಿಯವರೆಗೆ ನಡೆದದ್ದು ಹತ್ತು ಹೆಜ್ಜೆ ಇದ್ದೀತು. ಹತ್ತೂ ಹೆಜ್ಜೆಗೆ ಬೂಟು ಕಿರ್ ಎಂದಿತು. ಕುಳಿತ ಮೇಲೆ ಒಬ್ಬ ಹಿರಿಯರು ನಗುತ್ತ ಕೇಳಿದರು: "ನಿಮ್ಮ ಕಡೆ ಹಿಂಗಾರಿ ಜೋಳ ಹೆಚ್ಚು ಅಲ್ಲವೇ? ಮಳೆ ಇಲ್ಲದ ಕಾಲದಲ್ಲಿ ಅದು ಹೇಗೆ ಬೆಳೆಯುತ್ತದೆ?" ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಕೇಳುತ್ತ ಬೆಳೆದ ಹುಡುಗನಿಗೆ ಈ ಪ್ರಶ್ನೆ! ಎರಿ ಮಣ್ಣು ಮುಂಗಾರಿನ ತೇವವನ್ನು ಹೇಗೆ ಹಿಡಿದಿಡುತ್ತದೆ, ಇಬ್ಬನಿಗೆ ಮಾಲದಂಡಿ ಜೋಳ ಹೇಗೆ ಬರುತ್ತದೆ, ಎಲ್ಲವೂ ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲ ಸಂಗತಿ. ಆದರೆ ನನ್ನ ಲಕ್ಷ್ಯವೆಲ್ಲ ಕುರ್ಚಿಯ ಕೆಳಗಿನ ಬೂಟಿನ ಮೇಲೆ, ಬೆನ್ನ ಮೇಲಿಳಿಯುವ ಬೆವರಿನ ಮೇಲೆ. ಎರಡು ಮಾತು ತೊದಲಿ ಸುಮ್ಮನಾದೆ. ಅವರು ಕೋಟಿಗೆ ಅಂಕ ಕಡಿಮೆ ಕೊಟ್ಟಿರಲಾರರು. ಉತ್ತರವೇ ಬರದಿದ್ದರೆ ಅವರಾದರೂ ಏನು ಮಾಡಿಯಾರು?

ಮುಂದಿನ ಸಲ ಕರೆ ಬಂದಾಗ ಅಪ್ಪ ಒಂದು ಮಾತು ಹೇಳಿದ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎಷ್ಟೋ ವರ್ಷ ಎತ್ತು ಕೊಂಡು ಮಾರಿದ ಅನುಭವದ ಮಾತು ಅದು. "ಎತ್ತ ಕೊಳ್ಳಾವ ಝೂಲ ನೋಡಿ ಕೊಳ್ಳೂದಿಲ್ಲ ತಮ್ಮಾ. ಹಲ್ಲ ನೋಡ್ತಾನ, ಗೊರಸ ನೋಡ್ತಾನ, ನಡಸಿ ನೋಡ್ತಾನ. ಆದ್ರ ಮೈ ತೊಳೀಲಾರದ ಎತ್ತ ಯಾರೂ ಸಂತಿಗಿ ಹೊಡಕೊಂಡ ಹೋಗೂದಿಲ್ಲ."

ಕಾರಹುಣ್ಣಿಮೆಯ ಕರಿಗೆ ಹೆಸರಾದ ಊರು ನಮ್ಮದು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ ಹಾಕಿ ಎತ್ತನ್ನು ಸಿಂಗರಿಸುವುದು ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ಅದು ಹಬ್ಬದ ದಿನದ ಮಾತು. ಸಂತೆಯ ದಿನದ ಸಿದ್ಧತೆ ಬೇರೆ. ನಮ್ಮ ಮಕ್ಕಳೇನೂ ಎತ್ತುಗಳಲ್ಲ, ನಿಜ. ಆದರೂ ಸಂದರ್ಶನದ ಉಡುಪಿನ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಇದುವರೆಗೆ ಕೇಳಿಲ್ಲ. ಮೈ ತೊಳೆಯಬೇಕು; ಝೂಲ ಬೇಕಿಲ್ಲ. ಕುರ್ಚಿಯ ಮೇಲೆ ಕುಳಿತ ಕೂಡಲೇ ನಿಮಗೂ ಎದುರಿಗಿದ್ದವರಿಗೂ ಮರೆತುಹೋಗುವಂಥ ಉಡುಪೇ ಒಳ್ಳೆಯ ಉಡುಪು.

ಪರೀಕ್ಷೆಗೆ ಒಂದು, ಸಂದರ್ಶನಕ್ಕೆ ಇನ್ನೊಂದು

ಇಂದಿನ ವಿದ್ಯಾರ್ಥಿಗಳಿಗೆ ಒಂದು ಹೊಸ ಗೊಂದಲವೂ ಸೇರಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆ ನಡೆದಾಗ ಕಲಬುರಗಿ, ಯಾದಗಿರಿ ಕಡೆಯ ಕೇಂದ್ರಗಳಲ್ಲಿ ಬ್ಲೂಟೂತ್ ಬಳಸಿ ನಕಲು ಮಾಡಿದ ಪ್ರಕರಣ ಹೊರಬಿತ್ತು. ಅದಾದ ಮೇಲೆ ನವೆಂಬರ್‌ನಲ್ಲಿ ನಡೆದ ಪರೀಕ್ಷೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಉಡುಪಿನ ಕಟ್ಟುನಿಟ್ಟಿನ ನಿಯಮ ತಂದಿತು. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ಜೀನ್ಸ್ ಬೇಡ, ಜೇಬು ಹೆಚ್ಚಿರುವ ಪ್ಯಾಂಟು ಬೇಡ, ದೊಡ್ಡ ಗುಂಡಿ, ಕಸೂತಿ ಇರುವ ಬಟ್ಟೆ ಬೇಡ, ಒಡವೆ ಬೇಡ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲೂ ಅರ್ಧ ತೋಳು, ಚಪ್ಪಲಿ ಎಂಬ ರೂಢಿ ಬಂದಿದೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತುಂಬುತೋಳನ್ನು ಕತ್ತರಿಸಿ ಒಳಗೆ ಬಿಟ್ಟ ಸುದ್ದಿಗಳನ್ನು ನೀವೂ ಓದಿದ್ದೀರಿ.

ಅದೇ ಅಭ್ಯರ್ಥಿ ಮುಂದೆ ಸಂದರ್ಶನಕ್ಕೆ ಹೋದಾಗ ಎಲ್ಲವೂ ತಿರುಗುಮುರುಗು! ಅಲ್ಲಿ ತುಂಬುತೋಳೇ ಶೋಭೆ, ಬೂಟೇ ರೂಢಿ. ಪರೀಕ್ಷೆಯ ನಿಯಮ ಹುಟ್ಟಿದ್ದು ಅನುಮಾನದಿಂದ. ತೋಳಿನೊಳಗೆ, ಬೂಟಿನೊಳಗೆ ಏನಾದರೂ ಬಚ್ಚಿಟ್ಟಿದ್ದಾರೋ ಎಂಬ ಭಯ ಅದಕ್ಕೆ ಕಾರಣ. ಸಂದರ್ಶನದ ರೂಢಿ ಹುಟ್ಟಿದ್ದು ಮರ್ಯಾದೆಯಿಂದ. ಒಬ್ಬರ ಮನೆಗೆ ಮೊದಲ ಸಲ ಹೋಗುವಾಗ ಹೇಗೆ ಶುಚಿಯಾಗಿ ಹೋಗುತ್ತೇವೋ ಹಾಗೆ. ಆದ್ದರಿಂದ ಪಾಲಕರು ಒಂದು ಮಾತು ನೆನಪಿಡಬೇಕು: ಮಗನಿಗೋ ಮಗಳಿಗೋ ಬಂದ ಕರೆ ಯಾವುದಕ್ಕೆ, ಲಿಖಿತ ಪರೀಕ್ಷೆಗೋ ಸಂದರ್ಶನಕ್ಕೋ ಎಂಬುದನ್ನು ಮೊದಲು ನೋಡಿ. ಪ್ರವೇಶ ಪತ್ರದ ಹಿಂಬದಿಯ ಸಣ್ಣ ಅಕ್ಷರದ ಸೂಚನೆಗಳನ್ನು ಪೂರ್ತಿ ಓದಿ. ಆಮೇಲೆ ಟ್ರಂಕು ತೆಗೆಯಿರಿ.

ಇನ್ನೊಂದು ವಿಷಯ. ಎಲ್ಲ ನೌಕರಿಗೂ ಈಗ ಸಂದರ್ಶನ ಇಲ್ಲ. ಕೇಂದ್ರ ಸರ್ಕಾರದ ಗ್ರೂಪ್ 'ಸಿ', ಗ್ರೂಪ್ 'ಡಿ' ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ 'ಬಿ' ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನ ರದ್ದಾಗಿದೆ. ಆದರೆ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಇದೆ. ಐಬಿಪಿಎಸ್ ನಡೆಸುವ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಪ್ರಮಾಣದಲ್ಲಿ ತೂಕ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ಅಂಕ ವ್ಯಕ್ತಿತ್ವ ಪರೀಕ್ಷೆಗೆ. ಖಾಸಗಿ ಕಂಪನಿಗಳಲ್ಲಂತೂ ಸಂದರ್ಶನವೇ ಮುಖ್ಯ.

ಆ 275 ಅಂಕಗಳಲ್ಲಿ ಉಡುಪಿಗೆ ಎಷ್ಟು? ಸೊನ್ನೆ. ಆಯೋಗ ತಾನು ಏನನ್ನು ನೋಡುತ್ತೇನೆಂದು ಪ್ರಕಟಣೆಯಲ್ಲೇ ತಿಳಿಸಿದೆ: ಮನಸ್ಸಿನ ಚುರುಕು, ವಿಷಯ ಗ್ರಹಿಸುವ ಶಕ್ತಿ, ಸ್ಪಷ್ಟವಾಗಿ ತರ್ಕಬದ್ಧವಾಗಿ ಹೇಳುವ ರೀತಿ, ತೂಕದ ತೀರ್ಮಾನ, ಆಸಕ್ತಿಗಳ ವೈವಿಧ್ಯ ಮತ್ತು ಆಳ, ನಾಲ್ಕು ಜನರನ್ನು ಕೂಡಿಸಿಕೊಂಡು ಮುನ್ನಡೆಯುವ ಗುಣ, ಪ್ರಾಮಾಣಿಕತೆ. ಈ ಪಟ್ಟಿಯಲ್ಲಿ ಕೋಟಿನ ಹೆಸರಿಲ್ಲ, ಟೈ ಹೆಸರಿಲ್ಲ. ಹಾಗೆಂದು ಉಡುಪು ಲೆಕ್ಕಕ್ಕೇ ಇಲ್ಲವೆಂದಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೀವು ಬಾಯಿ ತೆರೆಯುವ ಮೊದಲೇ ಎದುರಿಗಿದ್ದವರು ನಿಮ್ಮನ್ನು ನೋಡಿರುತ್ತಾರೆ. 'ಈ ಹುಡುಗ ತಯಾರಾಗಿ ಬಂದಿದ್ದಾನೆ' ಎಂದು ಆ ಒಂದು ನೋಟಕ್ಕೆ ಅನಿಸಿದರೆ ಉಡುಪಿನ ಕೆಲಸ ಅಲ್ಲಿಗೆ ಮುಗಿಯಿತು.

ಹುಡುಗರು ಏನು ಹಾಕಿಕೊಳ್ಳಬೇಕು?

ತಿಳಿ ಬಣ್ಣದ ತುಂಬುತೋಳಿನ ಅಂಗಿ, ಕಡು ಬಣ್ಣದ ಪ್ಯಾಂಟು. ಇಷ್ಟು ಸಾಕು. ಬಿಳಿ ಅಥವಾ ತಿಳಿ ನೀಲಿ ಅಂಗಿಗೆ ಕಡು ನೀಲಿ, ಕಪ್ಪು, ಬೂದು ಯಾವ ಪ್ಯಾಂಟಾದರೂ ಹೊಂದುತ್ತದೆ. ಹೊಳೆಯುವ ಬಟ್ಟೆ, ದೊಡ್ಡ ಚೌಕಳಿ, ಎದೆಯ ಮೇಲೆ ಅಕ್ಷರ ಬರೆದದ್ದು ಬೇಡ. ಜೀನ್ಸ್ ಪ್ಯಾಂಟು ಕಾಲೇಜಿಗೆ ಚೆಂದ, ಇಲ್ಲಿಗೆ ಬೇಡ.

ಬೆಲೆಗಿಂತ ಅಳತೆ ಮುಖ್ಯ. ಅಂಗಿಯ ಕಾಲರಿನ ಗುಂಡಿ ಹಾಕಿದಾಗ ಕೊರಳಿಗೂ ಕಾಲರಿಗೂ ನಡುವೆ ಎರಡು ಬೆರಳು ಆಡಬೇಕು. ಹೆಗಲ ಹೊಲಿಗೆ ಹೆಗಲ ಮೇಲೆಯೇ ಕೂರಬೇಕು, ತೋಳಿಗೆ ಜಾರಬಾರದು. ತೋಳು ಮಣಿಕಟ್ಟಿಗೆ ಮುಗಿಯಬೇಕು. ಪ್ಯಾಂಟು ಬೂಟಿನ ಮೇಲೆ ಇಳಿದು ನಿಲ್ಲಬೇಕು, ನೆಲ ಗುಡಿಸಬಾರದು. ಸಿದ್ಧ ಉಡುಪು ಕೊಂಡರೂ ಊರ ಸಿಂಪಿಗರಲ್ಲಿ ಕೊಟ್ಟು ಅಲ್ಲಲ್ಲಿ ಹಿಡಿಸಿಕೊಳ್ಳಿ. ದುಬಾರಿ ಅಂಗಿ ಅಳತೆ ತಪ್ಪಿದ್ದರೆ ಎರವಲು ತಂದಂತೆ ಕಾಣುತ್ತದೆ. ಸಾದಾ ಅಂಗಿ ಮೈಗೆ ಹೊಂದಿದರೆ ನಿಮ್ಮದೇ ಅನಿಸುತ್ತದೆ.

ಎಲ್ಲರೂ ನಿಂತು ಕನ್ನಡಿ ನೋಡಿಕೊಳ್ಳುತ್ತಾರೆ. ಆದರೆ ಸಂದರ್ಶನ ನಡೆಯುವುದು ಕುಳಿತಾಗ! ಒಂದು ಕುರ್ಚಿ ಇಟ್ಟುಕೊಂಡು ಕುಳಿತು ನೋಡಿ. ಹೊಟ್ಟೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಡುತ್ತದೆಯೇ? ಪ್ಯಾಂಟು ಮೇಲೇರಿ ಬರಿಗಾಲು ಕಾಣುತ್ತದೆಯೇ? ಹಾಗಾದರೆ ಕಾಲುಚೀಲ ಇನ್ನಷ್ಟು ಉದ್ದದ್ದು ಬೇಕು. ಅದರ ಬಣ್ಣ ಪ್ಯಾಂಟಿನ ಬಣ್ಣದ್ದೇ ಇರಲಿ.

ಬೂಟು ಕಪ್ಪು ಇಲ್ಲವೇ ಕಂದು. ಸೊಂಟದ ಬೆಲ್ಟೂ ಅದೇ ಬಣ್ಣದ್ದಾದರೆ ನೋಟಕ್ಕೆ ಸರಿ. ಹೊಸ ಬೂಟನ್ನು ಸಂದರ್ಶನದ ದಿನವೇ ಮೊದಲ ಸಲ ಹಾಕಿದರೆ ಹಿಮ್ಮಡಿ ಸುಲಿಯುತ್ತದೆ. ಒಂದು ವಾರ ಮೊದಲಿನಿಂದ ದಿನಕ್ಕೆ ಅರ್ಧ ತಾಸು ಮನೆಯೊಳಗೇ ಹಾಕಿಕೊಂಡು ಅಡ್ಡಾಡಿ. ಚಪ್ಪಲಿಯಲ್ಲಿ ಬೆಳೆದ ಕಾಲಿಗೆ ಬೂಟಿನ ಅಭ್ಯಾಸ ಆಗಲು ಅಷ್ಟು ದಿನ ಬೇಕು. ನಾಚಿಕೆ ಪಡುವಂಥದ್ದೇನೂ ಇದರಲ್ಲಿಲ್ಲ.

ಇನ್ನು ಕೋಟು, ಟೈ. ಉಣ್ಣೆಯ ಸೂಟು ಹುಟ್ಟಿದ್ದು ಚಳಿಯ ದೇಶದಲ್ಲಿ. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡವನು ಪ್ರಶ್ನೆಗೆ ಉತ್ತರ ಯೋಚಿಸುವುದಿಲ್ಲ, ಫ್ಯಾನು ಎಲ್ಲಿದೆಯೆಂದು ಹುಡುಕುತ್ತಾನೆ. ಕರೆಪತ್ರದಲ್ಲಿ ಬೇಕೆಂದು ಹೇಳದಿದ್ದರೆ, ಬ್ಯಾಂಕಿಗೆ, ಶಾಲೆ ಕಾಲೇಜಿನ ಹುದ್ದೆಗೆ, ಹೊಸಬರನ್ನು ತೆಗೆದುಕೊಳ್ಳುವ ಹೆಚ್ಚಿನ ಕಂಪನಿಗಳಿಗೆ ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಸಾಕು. ದೆಹಲಿಯ ಶಹಜಹಾನ್ ರಸ್ತೆಯ ಧೋಲ್ಪುರ ಹೌಸಿನಲ್ಲಿ ನಡೆಯುವ ನಾಗರಿಕ ಸೇವೆಯ ಸಂದರ್ಶನಕ್ಕೆ ಅನೇಕರು ಕೋಟು ಹಾಕಿಕೊಳ್ಳುತ್ತಾರೆ. ಅಲ್ಲಿಯ ಚಳಿಗಾಲಕ್ಕೆ ಅದು ಹೊಂದುತ್ತದೆ. ಹಾಕಿಕೊಳ್ಳುವುದಾದರೆ ಮೊದಲೇ ನಾಲ್ಕು ಸಲ ಹಾಕಿಕೊಂಡು ಕುಳಿತು, ಎದ್ದು, ಮಾತಾಡಿ ರೂಢಿ ಮಾಡಿಕೊಳ್ಳಿ. ಟೈ ಗಂಟು ಕಟ್ಟಲು ಬಾರದಿದ್ದರೆ ಟೈ ಬಿಡಿ.

ಸೈನ್ಯದ ಅಧಿಕಾರಿ ಹುದ್ದೆಗೆ ನಡೆಯುವ ಆಯ್ಕೆ ಮಂಡಳಿಯ ಪರೀಕ್ಷೆಗಳದ್ದು ಬೇರೆಯೇ ಲೆಕ್ಕ. ಅದು ಐದು ದಿನದ ಶಿಬಿರ. ಓಡುವ, ಹತ್ತುವ, ಜಿಗಿಯುವ ಪರೀಕ್ಷೆಗಳಿಗೆ ಆಟದ ಉಡುಪು, ಕ್ಯಾನ್ವಾಸ್ ಬೂಟು ಬೇಕು. ಮಾತುಕತೆಗೆ ಬೇರೆ ಉಡುಪು ಬೇಕು. ಏನೇನು ತರಬೇಕೆಂದು ಕರೆಪತ್ರದಲ್ಲಿಯೇ ಬರೆದಿರುತ್ತಾರೆ.

ಹುಡುಗಿಯರಿಗೆ ಸೀರೆಯೋ, ಚೂಡಿದಾರವೋ?

ಎರಡೂ ಸರಿ. ನಿಮಗೆ ಯಾವುದು ರೂಢಿಯೋ ಅದು ಹೆಚ್ಚು ಸರಿ. ವರ್ಷವಿಡೀ ಚೂಡಿದಾರ ಹಾಕಿದ ಹುಡುಗಿ ಸಂದರ್ಶನದ ದಿನವೇ ಮೊದಲ ಸಲ ಸೀರೆ ಉಟ್ಟರೆ ಅವಳ ಅರ್ಧ ಗಮನ ನಿರಿಗೆಯಲ್ಲಿ, ಇನ್ನರ್ಧ ಸೆರಗಿನಲ್ಲಿ. ಸೀರೆಯೇ ಬೇಕೆನಿಸಿದರೆ ಅದನ್ನುಟ್ಟು ಒಂದು ದಿನ ಮೆಟ್ಟಿಲು ಹತ್ತಿ ಇಳಿದು, ಕುರ್ಚಿಯ ಮೇಲೆ ಒಂದು ತಾಸು ಕುಳಿತು ನೋಡಬೇಕು. ನಿರಿಗೆಗೂ ಹೆಗಲಿಗೂ ಪಿನ್ನು ಹಾಕಿ ಭದ್ರ ಮಾಡಿಕೊಳ್ಳಬೇಕು. ಚೂಡಿದಾರವಾದರೆ ಸಾದಾ ಬಣ್ಣದ್ದು, ಓಢಣಿ ಪಿನ್ನು ಹಾಕಿದ್ದು. ಪ್ಯಾಂಟು, ಅಂಗಿ ರೂಢಿಯಿದ್ದವರಿಗೆ ಅದೂ ಆಗುತ್ತದೆ.

'ನಮ್ಮ ಇಳಕಲ್ಲ ಸೀರೆ ಉಟ್ಟು ಹೋಗಬಹುದೇ?' ಎಂದು ಕೇಳುವವರಿದ್ದಾರೆ. ಯಾಕಾಗಬಾರದು? ಪಕ್ಕದ ಬಾಗಲಕೋಟೆ ಜಿಲ್ಲೆಯ ಮಗ್ಗದ ಸೀರೆ ಅದು. ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸುವ ಅದರ ನೇಯ್ಗೆ ಬೇರೆಲ್ಲೂ ಇಲ್ಲದ ಗುರುತು. ಕೆಂಪು ಬಿಳುಪಿನ ತೋಪ ತೆನಿ ಸೆರಗನ್ನು ದೂರದಿಂದಲೇ ಗುರುತಿಸಬಹುದು. ಹತ್ತಿಯ ಒಡಲು, ಸಣ್ಣ ದಡಿಯದನ್ನು ಆರಿಸಿಕೊಳ್ಳಿ. ರೇಷ್ಮೆಯ ಭಾರಿ ಸೀರೆ ಮದುವೆಗಿರಲಿ. ಆದರೆ ಒಂದು ಎಚ್ಚರಿಕೆ: ಉಟ್ಟು ಹೋದದ್ದರ ಬಗ್ಗೆ ಯಾರಾದರೂ ಕೇಳಿಯಾರು! ಎಲ್ಲಿ ನೇಯುತ್ತಾರೆ, ಕೊಂಡಿ ಎಂದರೇನು ಎಂದು ನಾಲ್ಕು ಮಾತು ಹೇಳಲು ಬರಬೇಕು. ಊರಿನ ವಸ್ತುವನ್ನು ಉಟ್ಟು ಅದರ ಬಗ್ಗೆ ಗೊತ್ತಿಲ್ಲವೆನ್ನುವುದು ಶೋಭೆಯಲ್ಲ.

ಕೈತುಂಬ ಗಾಜಿನ ಬಳೆ ಮಾತಿನ ನಡುವೆ ಸದ್ದು ಮಾಡುತ್ತವೆ. ಆ ದಿನಕ್ಕೆ ಒಂದೆರಡು ಸಾಕು. ಘಮಘಮಿಸುವ ಮಲ್ಲಿಗೆ ದಂಡೆಯಾಗಲಿ, ಅತ್ತರಾಗಲಿ ಮುಚ್ಚಿದ ಕೋಣೆಯಲ್ಲಿ ಎಲ್ಲರಿಗೂ ಹಿತವಾಗಲಾರದು. ಎತ್ತರದ ಹಿಮ್ಮಡಿಯ ಚಪ್ಪಲಿಗಿಂತ ಸಪಾಟಾದ, ಬೆರಳು ಮುಚ್ಚುವ ಪಾದರಕ್ಷೆ ವಾಸಿ. ಹಣೆಯ ಕುಂಕುಮ, ವಿಭೂತಿ, ಕೊರಳ ಲಿಂಗದ ದಾರ, ತಲೆಗೆ ಹೊದ್ದ ಬಟ್ಟೆ ಇವೆಲ್ಲ ಅವರವರ ನಂಬಿಕೆ. ಅವುಗಳನ್ನು ಸಂದರ್ಶನಕ್ಕಾಗಿ ಅಳಿಸಿಕೊಂಡು ಹೋಗಬೇಕೆಂದು ಭಯ ಪಡಬೇಕಿಲ್ಲ. ಅಚ್ಚುಕಟ್ಟಾಗಿದ್ದರೆ ಆಯಿತು.

ಹುಡುಗಿಯರ ಪಾಲಕರಿಗೆ ಇಲ್ಲೊಂದು ನಿಜ ಪ್ರಸಂಗ ಹೇಳಬೇಕು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ ಎಂಬ ಹುಡುಗಿ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದಳು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲಿತ್ತು. ಸಿಟ್ಟಿನಿಂದ ಜೆ.ಆರ್.ಡಿ. ಟಾಟಾ ಅವರಿಗೇ ಅಂಚೆ ಕಾರ್ಡು ಬರೆದಳು. ಪುಣೆಗೆ ಸಂದರ್ಶನಕ್ಕೆ ಬಾ ಎಂದು ತಂತಿ ಬಂತು. ಹಾಸ್ಟೆಲಿನ ಗೆಳತಿಯರೆಲ್ಲ, ಹೇಗೂ ಕಂಪನಿಯ ಖರ್ಚಿನಲ್ಲಿ ಪುಣೆಗೆ ಹೋಗುತ್ತೀಯಲ್ಲ, ನಮಗೊಂದೊಂದು ಸೀರೆ ತಾ ಎಂದು ತಲಾ 30 ರೂಪಾಯಿ ಕೊಟ್ಟು ಕಳಿಸಿದರು! ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಆ ಹುಡುಗಿಯೇ ಮುಂದೆ ಸುಧಾ ಮೂರ್ತಿ ಎಂದು ನಾಡಿಗೆಲ್ಲ ಪರಿಚಿತರಾದವರು. ನೌಕರಿ ಸಿಗುವುದಿಲ್ಲವೆಂದೇ ಅಂದುಕೊಂಡದ್ದರಿಂದ ಭಯವೆಲ್ಲ ಹೋಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಕೇಳಿದ ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು, ಟೆಲ್ಕೊದ ಕಾರ್ಖಾನೆಯ ಮೊದಲ ಮಹಿಳಾ ಎಂಜಿನಿಯರ್ ಆದರು. ಆ ಸಂದರ್ಶನದ ಕಥೆಯಲ್ಲಿ ಗೆಳತಿಯರ ಸೀರೆಯ ಮಾತು ಬರುತ್ತದೆ. ಅವರು ಸ್ವತಃ ಏನು ಉಟ್ಟಿದ್ದರೆಂದು ಕೇಳಿದವರಿಲ್ಲ. ಇರಬೇಕಾದದ್ದು ಹೀಗೆಯೇ ಅಲ್ಲವೇ?

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಅಂಗಿ

ಬೆಂಗಳೂರಿನವರಿಗೆ ಇಲ್ಲದ ಒಂದು ತೊಂದರೆ ನಮ್ಮ ಕಡೆಯವರಿಗಿದೆ. ಊರಿನಿಂದ ವಿಜಯಪುರಕ್ಕೆ ಬಸ್ಸು, ಅಲ್ಲಿಂದ ರಾತ್ರಿಯಿಡೀ ರೈಲಿನ ಪ್ರಯಾಣ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಹತ್ತು ಗಂಟೆಗೆ ಸಂದರ್ಶನ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ರೈಲು ಹತ್ತಿದರೆ ಬೆಳಿಗ್ಗೆ ಅದು ಹಿಂಡಿ ಒಣಗಿಸಿದ ಬಟ್ಟೆಯಂತೆ ಇರುತ್ತದೆ.

ಹಳೆಯ ಬಟ್ಟೆಯಲ್ಲಿ ಪ್ರಯಾಣ ಮಾಡಿ. ಸಂದರ್ಶನದ ಅಂಗಿಯನ್ನು ಗುಂಡಿ ಹಾಕಿ ಅಗಲವಾಗಿ ಮಡಚಿ, ಶುಭ್ರವಾದ ಹಳೆಯ ದೋತರದ ತುಂಡಿನಲ್ಲಿ ಸುತ್ತಿ ಚೀಲದ ಎಲ್ಲಕ್ಕೂ ಮೇಲೆ ಇಡಿ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಮಸಿ ಬಿಳಿ ಅಂಗಿಗೆ ಹತ್ತುತ್ತದೆ. ಅವ್ವ ಕಟ್ಟಿಕೊಟ್ಟ ಬುತ್ತಿಯ ಚೀಲ ಬೇರೆ ಇರಲಿ. ಶೇಂಗಾ ಚಟ್ನಿಯ ಎಣ್ಣೆ ಇಳಿದರೆ ಅಂಗಿಯ ಕತೆ ಮುಗಿಯಿತು! ಸಾಧ್ಯವಿದ್ದರೆ ಎರಡನೆಯ ಅಂಗಿಯೊಂದು ಜೊತೆಗಿರಲಿ. ಪರಿಚಯದವರ ಮನೆಯಲ್ಲೋ, ರೈಲು ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲೋ ಸ್ನಾನ ಮಾಡಿ, ತಿಂಡಿ ತಿಂದು, ಆಮೇಲೆ ಬಟ್ಟೆ ಬದಲಿಸಿ. ಬಟ್ಟೆ ಬದಲಿಸಿ ಆಮೇಲೆ ಸಾಂಬಾರು ಇಡ್ಲಿ ತಿನ್ನುವುದು ಅಪಾಯ.

ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿನ ಪ್ರತಾಪ ಹೇಳಬೇಕಿಲ್ಲ. ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವುದರೊಳಗೆ ಬೂಟಿಗೆ ಎರಡು ಸೇರು ಮಣ್ಣು ಅಂಟಿರುತ್ತದೆ. ಚಪ್ಪಲಿಯಲ್ಲೇ ಹೊರಡಿ, ಬೂಟು ಚೀಲದಲ್ಲಿರಲಿ. ಒರೆಸಲು ಒಂದು ತುಂಡು ಬಟ್ಟೆಯನ್ನೂ ಇಟ್ಟುಕೊಳ್ಳಿ.

2020ರ ಕೊರೋನಾ ಕಾಲದ ನಂತರ ಎಷ್ಟೋ ಕಂಪನಿಗಳು ಮೊದಲ ಸುತ್ತಿನ ಸಂದರ್ಶನವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಮುಖ ತೋರಿಸಿಯೇ ಮಾಡುತ್ತಿವೆ. ಪ್ರಯಾಣದ ತೊಂದರೆ ಇಲ್ಲ. ಆದರೆ ಮೇಲೆ ಅಂಗಿ, ಕೆಳಗೆ ಲುಂಗಿ ಎಂಬ ಜಾಣತನ ಬೇಡ. ಕರೆಂಟು ಹೋಗಿಯೋ, ಸಿಗ್ನಲ್ ತಪ್ಪಿಯೋ ಎದ್ದು ನಿಲ್ಲುವ ಪ್ರಸಂಗ ಬಂದೇ ಬರುತ್ತದೆ! ಪೂರ್ತಿ ಉಡುಪು ಹಾಕಿಕೊಳ್ಳಿ. ಬೆಳಕು ಮುಖದ ಮೇಲೆ ಬೀಳಲಿ, ಹಿಂದೆ ಬರಿ ಗೋಡೆ ಇರಲಿ. ಗೋಡೆಯೂ ಬಿಳಿ, ಅಂಗಿಯೂ ಬಿಳಿ ಆದರೆ ಚಿತ್ರ ಮಸುಕಾಗುತ್ತದೆ, ಆಗ ತಿಳಿ ನೀಲಿ ವಾಸಿ.

ಪಾಲಕರಿಗೆ ಒಂದು ಮಾತು

ಅಬ್ದುಲ್ ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ ಎರಡು ಪ್ರಸಂಗ ಹೇಳಿದ್ದಾರೆ. ಮದ್ರಾಸಿನ ಎಂ.ಐ.ಟಿ. ಸೇರಲು ಹಣವಿಲ್ಲದಿದ್ದಾಗ ಅಕ್ಕ ಜೋಹರಾ ತಮ್ಮ ಚಿನ್ನದ ಬಳೆ, ಸರ ಒತ್ತೆ ಇಟ್ಟು ನೆರವಾದರು. ಮುಂದೆ ಓದು ಮುಗಿದ ಮೇಲೆ ವಾಯುಪಡೆಯ ಆಯ್ಕೆಗೆ ಡೆಹ್ರಾಡೂನಿಗೆ ಹೋದಾಗ 25 ಜನರಲ್ಲಿ ಅವರು ಒಂಬತ್ತನೆಯವರಾದರು. ಬೇಕಾಗಿದ್ದವರು ಎಂಟೇ ಜನ. ಅಲ್ಲಿ ಬುದ್ಧಿಗಿಂತ ವ್ಯಕ್ತಿತ್ವಕ್ಕೆ ಹೆಚ್ಚು ಒತ್ತು ಇತ್ತು ಎಂದು ಅವರಿಗೆ ಅನಿಸಿತ್ತು. ಒಂದು ಸ್ಥಾನದಿಂದ ತಪ್ಪಿತು! ಆದರೆ ಅದೇ ಪ್ರಯಾಣದಲ್ಲಿ ದೆಹಲಿಯಲ್ಲಿ ಕೊಟ್ಟಿದ್ದ ಇನ್ನೊಂದು ಸಂದರ್ಶನದಿಂದ ರಕ್ಷಣಾ ಇಲಾಖೆಯ ನೌಕರಿ ಸಿಕ್ಕಿತು, ಮುಂದಿನದು ಎಲ್ಲರಿಗೂ ಗೊತ್ತು.

ಈ ಎರಡೂ ಪ್ರಸಂಗಗಳಲ್ಲಿ ಪಾಲಕರಿಗೆ ಪಾಠವಿದೆ. ಒಡವೆ ಒತ್ತೆ ಇಡುವುದೇ ಆದರೆ ಓದಿಗೆ ಇಡಬೇಕು, ಕೋಟಿಗಲ್ಲ. ಓದು ಜೀವನಪೂರ್ತಿ ಉಳಿಯುತ್ತದೆ. ಸಾಲ ಮಾಡಿ ಹೊಲಿಸಿದ ಸೂಟು ಒಂದು ದಿನ ಹಾಕಿ ಟ್ರಂಕು ಸೇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಒಂದು ಒಳ್ಳೆಯ ಅಂಗಿ, ಒಂದು ಪ್ಯಾಂಟು, ಒಂದು ಜೋಡಿ ಬೂಟು ಇಷ್ಟನ್ನು ಕೊಂಡರೆ ನಾಲ್ಕಾರು ಸಂದರ್ಶನಕ್ಕೆ ಬರುತ್ತದೆ. ಹೌದು, ನಾಲ್ಕಾರು. ಮೊದಲನೆಯದರಲ್ಲೇ ಎಲ್ಲರಿಗೂ ಸಿಗುವುದಿಲ್ಲ. ಮೊದಲ ಸಂದರ್ಶನಕ್ಕೇ ಸಾಲ ಮಾಡಿ ಕಳಿಸಿದರೆ ಮಗನ ತಲೆಯ ಮೇಲೆ ಪ್ರಶ್ನೆಗಳ ಜೊತೆಗೆ ಸಾಲದ ಭಾರವೂ ಕೂರುತ್ತದೆ. 'ಇಷ್ಟು ಖರ್ಚು ಮಾಡಿದ್ದೇವೆ, ನೋಡು ಮತ್ತ' ಎಂದು ಬಾಗಿಲಲ್ಲಿ ಹೇಳಿ ಕಳಿಸಿದ ಮಾತು ಬೇರಾವ ಕೋಟಿಗಿಂತಲೂ ಬಿಗಿಯಾಗಿ ಮೈ ಹಿಡಿಯುತ್ತದೆ.

ಎರವಲು ತರಲೇಬಾರದೆಂದು ನಾನು ಹೇಳುವುದಿಲ್ಲ. ಬಡತನದಲ್ಲಿ ಅದು ಅನಿವಾರ್ಯ, ಅವಮಾನವೂ ಅಲ್ಲ. ಆದರೆ ಅಳತೆ ಹೊಂದುವುದನ್ನೇ ತರಬೇಕು. ಒಂದು ವಾರ ಮೊದಲೇ ತಂದು ಮೈಗೆ ರೂಢಿ ಮಾಡಿಕೊಳ್ಳಬೇಕು. ಅಳತೆ ಹೊಂದದ ಹೊಸ ಕೋಟಿಗಿಂತ ನಿಮ್ಮದೇ ಹಳೆಯ, ತೊಳೆದ ಅಂಗಿ ಮೇಲು.

ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರಗಳನ್ನು ನೋಡಿ. ಪೇಟ, ಕೋಟು, ಎಲ್ಲವೂ ಅಚ್ಚುಕಟ್ಟು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಉಡುಪಿನ ಶಿಸ್ತಿಗೆ ಹೆಸರಾದವರು. ನಮ್ಮ ಕಾಖಂಡಕಿಯ ಮಹಿಪತಿದಾಸರ ದಾರಿ ಇದಕ್ಕೆ ತದ್ವಿರುದ್ಧ. ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿ ಆಡಳಿತದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಅವರು ಸಾರವಾಡದ ಭಾಸ್ಕರಸ್ವಾಮಿಗಳ ಉಪದೇಶ ಪಡೆದು, ದರ್ಬಾರಿನ ವೈಭವವನ್ನೆಲ್ಲ ಬಿಟ್ಟು ಇಲ್ಲಿ ಬಂದು ನೆಲೆಸಿ ದಾಸರಾದರೆಂದು ಪರಂಪರೆ ಹೇಳುತ್ತದೆ. ಒಬ್ಬರು ಪೇಟ ತೆಗೆಯಲಿಲ್ಲ, ಇನ್ನೊಬ್ಬರು ದರ್ಬಾರಿನ ಉಡುಪು ಇಟ್ಟುಕೊಳ್ಳಲಿಲ್ಲ. ಇಬ್ಬರದೂ ಅವರವರ ಕೆಲಸಕ್ಕೆ ಒಪ್ಪುವ ವೇಷವೇ. ನಾವು ಹೋಗುವ ಕೆಲಸ ಯಾವುದು, ಅಲ್ಲಿ ದಿನವೂ ಜನ ಹೇಗೆ ಬರುತ್ತಾರೆ ಎಂದು ಕೇಳಿ ತಿಳಿದುಕೊಂಡು, ಅದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಅಚ್ಚುಕಟ್ಟಾಗಿ ಹೋದರೆ ಸಾಕು.

ಎರಡನೆಯ ಸಂದರ್ಶನಕ್ಕೆ ನಾನು ಹೋದದ್ದು ಕಾಲೇಜಿನ ಬಿಳಿ ಅಂಗಿಯಲ್ಲಿ. ಅವ್ವ ಹಿಂದಿನ ದಿನ ಒಗೆದು ಒಣಹಾಕಿದ್ದಳು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಅಪ್ಪನೇ ಗೆರೆ ಹೊಡೆದಿದ್ದ. ಬಸ್ ನಿಲ್ದಾಣದಲ್ಲಿ ಕಾಲರು ಸರಿಪಡಿಸಿ, "ಹಾಂ, ಈಗ ನೀ ನಮ್ಮ ಹುಡುಗನಂಗ ಕಾಣಾಕತ್ತಿ" ಎಂದ. ಒಳಗೆ ನನ್ನನ್ನು ಏನೇನು ಕೇಳಿದರೆಂದು ಇಂದಿಗೂ ಒಂದೊಂದೂ ನೆನಪಿದೆ. ಏನು ಹಾಕಿಕೊಂಡಿದ್ದೆನೆಂಬುದು ಮಾತ್ರ ಹೊರಗೆ ಬಂದು ಬೆವರು ಒರೆಸಿಕೊಳ್ಳುವವರೆಗೆ ನೆನಪಾಗಲಿಲ್ಲ.

ಹೊರಡುವ ಮುನ್ನ

* ಕರೆಪತ್ರದ ಸೂಚನೆಗಳನ್ನು ಮನೆಯವರಿಗೂ ಓದಿ ಹೇಳಿ. ಉಡುಪಿನ ನಿಯಮವಿದ್ದರೆ ಅದೇ ಕೊನೆಯ ಮಾತು.

* ಉಡುಪನ್ನು ಮೂರು ದಿನ ಮೊದಲೇ ಪೂರ್ತಿ ಹಾಕಿಕೊಂಡು, ಕುಳಿತು, ಎದ್ದು, ನಡೆದು ನೋಡಿ. ಗುಂಡಿ ಸಡಿಲವಿದ್ದರೆ ಆಗಲೇ ಹೊಲಿಸಿ.

* ಅಂಗಿಯೊಳಗೆ ಬನಿಯನ್ ಇರಲಿ. ಬೆವರನ್ನು ಅದು ಹೀರುತ್ತದೆ.

* ಉಗುರು ಕತ್ತರಿಸಿ, ತಲೆ ಬಾಚಿ. ಗಡ್ಡ ಬೋಳಿಸಿ, ಬಿಡುವುದಾದರೆ ಒಪ್ಪವಾಗಿ ಕತ್ತರಿಸಿ. ಕ್ಷೌರ ಎರಡು ದಿನ ಮೊದಲೇ ಆಗಲಿ.

* ಎದೆಯ ಜೇಬಿನಲ್ಲಿ ಪೆನ್ನೊಂದೇ ಇರಲಿ. ಮೊಬೈಲು ಬಂದು ಮಾಡಿ ಚೀಲದಲ್ಲಿಡಿ. ಎಲೆ ಅಡಿಕೆ, ಗುಟಕಾದ ಕಲೆ ಹಲ್ಲಿನ ಮೇಲಿದ್ದರೆ ಯಾವ ಅಂಗಿಯೂ ಅದನ್ನು ಮುಚ್ಚಲಾರದು.

* ಪ್ರಮಾಣಪತ್ರಗಳನ್ನು ಮಡಚದೆ ಒಂದು ಫೈಲಿನಲ್ಲಿ, ಕೇಳುವ ಕ್ರಮದಲ್ಲಿ ಜೋಡಿಸಿಕೊಳ್ಳಿ. ಅದೂ ನಿಮ್ಮ ಉಡುಪಿನ ಭಾಗವೇ.

* ಕರವಸ್ತ್ರ ಎರಡು ಇರಲಿ. ಒಂದು ಬೆವರಿಗೆ, ಇನ್ನೊಂದು ಬೂಟಿನ ಧೂಳಿಗೆ. ಎರಡನ್ನೂ ಅದಲು ಬದಲು ಮಾಡಿಕೊಳ್ಳಬೇಡಿ!